ವೈದ್ಯರೆದುರಿನ ನಡಿಗೆ ಬೇರೆ, ಮನೆಯೊಳಗಿನ ನಡಿಗೆ ಬೇರೆ

ಮಾನ್ಯ ಸಂಪಾದಕರೇ,

ನನ್ನ ಪತ್ನಿಗೆ ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ಗೊತ್ತಾಗಿ ಒಂಬತ್ತು ವರ್ಷಗಳಾದವು. ಮೂರು ತಿಂಗಳಿಗೊಮ್ಮೆ ಆಕೆಯನ್ನು ನಗರದ ಆಸ್ಪತ್ರೆಯೊಂದರ ನರರೋಗ ವಿಭಾಗಕ್ಕೆ ಕರೆದೊಯ್ಯುತ್ತೇನೆ. ಬೆಳಿಗ್ಗೆ ಏಳಕ್ಕೆ ಹೋಗಿ ಚೀಟಿಗಾಗಿ ಸಾಲಿನಲ್ಲಿ ನಿಂತರೆ ಹನ್ನೊಂದರ ಸುಮಾರಿಗೆ ನಮ್ಮ ಸರದಿ ಬರುತ್ತದೆ. ವೈದ್ಯರು ಮಣಿಕಟ್ಟನ್ನು ಮಡಿಸಿ ನೋಡಿ, ಬೆರಳುಗಳನ್ನು ಒಂದಕ್ಕೊಂದು ತಟ್ಟಿಸಿ, ಕೊನೆಗೆ "ಸ್ವಲ್ಪ ನಡೆದು ತೋರಿಸಿ ಅಮ್ಮಾ" ಎನ್ನುತ್ತಾರೆ. ಕೊಠಡಿಯ ಹೊರಗಿನ ಉದ್ದನೆಯ, ಅಗಲವಾದ, ಅಡೆತಡೆಯಿಲ್ಲದ ಪಡಸಾಲೆಯಲ್ಲಿ ಆಕೆ ಹತ್ತು ಹನ್ನೆರಡು ಹೆಜ್ಜೆ ನಡೆದು, ತಿರುಗಿ, ವಾಪಸು ಬರುತ್ತಾಳೆ. ಚೆನ್ನಾಗಿಯೇ ನಡೆಯುತ್ತಾಳೆ. "ಪರವಾಗಿಲ್ಲ, ಇದೇ ಮಾತ್ರೆ ಮುಂದುವರಿಸಿ" ಎಂದು ವೈದ್ಯರು ಬರೆದುಕೊಡುತ್ತಾರೆ. ಅದೇ ದಿನ ಸಂಜೆ ಹನುಮಂತನಗರದ ನಮ್ಮ ಮನೆಯಲ್ಲಿ, ಬಚ್ಚಲುಮನೆಯ ಹೊಸ್ತಿಲ ಮುಂದೆ, ಪಾದಗಳನ್ನು ಯಾರೋ ನೆಲಕ್ಕೆ ಅಂಟಿಸಿಬಿಟ್ಟಿದ್ದಾರೇನೋ ಎಂಬಂತೆ ಆಕೆ ನಿಂತುಬಿಡುತ್ತಾಳೆ. ದೇಹ ಮುಂದಕ್ಕೆ ಬಾಗುತ್ತದೆ, ಕಾಲು ಮಾತ್ರ ಮೇಲೇಳುವುದಿಲ್ಲ. ಎರಡು ಸಲ ಬಿದ್ದಿದ್ದಾಳೆ. ಒಮ್ಮೆ ಮಣಿಕಟ್ಟಿನ ಮೂಳೆ ಮುರಿದಿತ್ತು.

ಇದರಲ್ಲಿ ವೈದ್ಯರ ತಪ್ಪೇನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಅವರ ಬಾಗಿಲ ಮುಂದೆ ಇನ್ನೂ ನಲವತ್ತು ಜನ ಕುಳಿತಿರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಈ ಕಾಯಿಲೆಯ ಸ್ವಭಾವವೇ ಹೀಗೆ. ಆರೋಗ್ಯವಂತರು ಯೋಚಿಸದೆ ನಡೆಯುತ್ತಾರೆ; ಆ ತಾನೇತಾನಾಗಿ ಸಾಗುವ ನಡಿಗೆಯನ್ನು ನಡೆಸುವ ಮಿದುಳಿನ ಆಳದ ಭಾಗಗಳು ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೊರತೆಯಿಂದ ಸೊರಗುತ್ತವೆ. ಆದರೆ ಗಮನವಿಟ್ಟು ಹೆಜ್ಜೆ ಹಾಕುವ ಶಕ್ತಿ ಬಹುಮಟ್ಟಿಗೆ ಉಳಿದಿರುತ್ತದೆ. ವೈದ್ಯರು ನೋಡುತ್ತಿದ್ದಾರೆಂದು ತಿಳಿದಾಗ ರೋಗಿಯ ಗಮನವೆಲ್ಲ ಕಾಲಿನ ಮೇಲಿರುತ್ತದೆ. ಮನೆಯಲ್ಲಿ ಒಲೆಯ ಮೇಲಿನ ಹಾಲಿನ ಯೋಚನೆಯಲ್ಲಿ, ಕೈಯಲ್ಲಿ ಲೋಟ ಹಿಡಿದು, ಬಾಗಿಲ ಕಿರಿದಾದ ಚೌಕಟ್ಟನ್ನು ದಾಟುವಾಗ ಆ ಗಮನ ಉಳಿದಿರುವುದಿಲ್ಲ, ಕಾಲು ಅಲ್ಲಿಯೇ ನಿಲ್ಲುತ್ತದೆ. ಹೊಸ್ತಿಲ ಮುಂದೆ ನೆಲದ ಮೇಲೆ ಅಡ್ಡಡ್ಡಲಾಗಿ ಬಣ್ಣದ ಟೇಪಿನ ನಾಲ್ಕು ಪಟ್ಟಿ ಅಂಟಿಸಿದ ಮೇಲೆ ಆಕೆ ಒಂದೊಂದು ಪಟ್ಟಿಯನ್ನೂ ನೋಡಿ ದಾಟುತ್ತಾ ಮೊದಲಿಗಿಂತ ಸುಲಭವಾಗಿ ಒಳಹೋಗುತ್ತಿರುವುದಕ್ಕೂ ಇದೇ ಕಾರಣವೆಂದು ಫಿಸಿಯೊಥೆರಪಿಸ್ಟ್ ಒಬ್ಬರು ವಿವರಿಸಿದರು. ಅಂದರೆ ಪರೀಕ್ಷೆಯ ಹೊತ್ತಿನ ನಡಿಗೆ ಆಕೆ ಏನು ಮಾಡಬಲ್ಲಳು ಎಂಬುದನ್ನು ತೋರಿಸುತ್ತದೆ. ದಿನದ ಉಳಿದ ಹೊತ್ತಿನಲ್ಲಿ ಆಕೆ ಏನು ಮಾಡುತ್ತಾಳೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಲಂಡನ್ನಿನಲ್ಲಿ ಈ ಕಾಯಿಲೆಯನ್ನು ವಿವರಿಸಿ ಬರೆದಾಗ ಆತನ ಮುಂದಿದ್ದದ್ದು ಆರು ಮಂದಿಯ ವೃತ್ತಾಂತ ಮಾತ್ರ. ಅವರಲ್ಲಿ ಇಬ್ಬರನ್ನು ಆತ ಬೀದಿಯಲ್ಲಿ ಕಂಡು ಮಾತನಾಡಿಸಿದ್ದ, ಇನ್ನೊಬ್ಬನನ್ನು ದೂರದಿಂದ ನೋಡಿದ್ದನಷ್ಟೆ. ರೋಗಿಗಳು ತಮ್ಮ ಪಾಡಿಗೆ ನಡೆಯುತ್ತಿರುವುದನ್ನು ನೋಡಿಯೇ ಈ ಕಾಯಿಲೆಯ ಕೆಲವು ಲಕ್ಷಣಗಳು ವೈದ್ಯಲೋಕಕ್ಕೆ ತಿಳಿದವು ಎಂಬುದನ್ನು ಓದಿದಾಗ, ಎರಡು ಶತಮಾನಗಳ ನಂತರ ನಾವು ಅದೇ ನಡಿಗೆಯನ್ನು ಎರಡು ನಿಮಿಷಕ್ಕೆ, ಒಂದು ಪಡಸಾಲೆಗೆ ಇಳಿಸಿದ್ದೇವಲ್ಲ ಎಂದು ನನಗೆ ನೋವಾಯಿತು.

ಮೂವತ್ತನಾಲ್ಕು ವರ್ಷ ಅಳತೆಯ ಉಪಕರಣಗಳ ಜೊತೆ ಕೆಲಸ ಮಾಡಿ ನಿವೃತ್ತನಾದವನು ನಾನು. ಅಭ್ಯಾಸಬಲದಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದಿಡಲು ಶುರುಮಾಡಿದೆ: ಮಾತ್ರೆ ನುಂಗಿದ ಹೊತ್ತು, ಊಟದ ಹೊತ್ತು, ಕಾಲು ನೆಲಕ್ಕೆ ಕಚ್ಚಿಕೊಂಡ ಹೊತ್ತು, ಜಾಗ. ಆದರೆ ನಾನು ಗಾಂಧಿಬಜಾರಿಗೆ ತರಕಾರಿ ತರಲು ಹೋದಾಗ ಏನಾಯಿತೆಂದು ನೋಟ್‌ಬುಕ್ಕಿಗೆ ಗೊತ್ತಿಲ್ಲ. ರಾತ್ರಿ ಆಕೆ ಎದ್ದು ಓಡಾಡಿದ್ದು ನನಗೆ ಎಚ್ಚರವಾದರೆ ಮಾತ್ರ ದಾಖಲಾಗುತ್ತದೆ. ಇನ್ನೂ ಒಂದು ಕೊರತೆಯನ್ನು ನಾನು ನಿಧಾನವಾಗಿ ಗುರುತಿಸಿದೆ: ನಾನು ಬರೆಯುತ್ತಿದ್ದದ್ದು ನನಗೆ ಭಯ ಹುಟ್ಟಿಸಿದ ಗಳಿಗೆಗಳನ್ನು ಮಾತ್ರ, ಆಕೆ ಸಲೀಸಾಗಿ ನಡೆದ ಗಂಟೆಗಳ ಲೆಕ್ಕ ಎಲ್ಲಿಯೂ ಇರಲಿಲ್ಲ.

ಎರಡು ವರ್ಷಗಳ ಹಿಂದೆ ಸಂಶೋಧನಾ ತಂಡವೊಂದು ನಡಿಗೆಯ ಅಧ್ಯಯನಕ್ಕೆ ಸ್ವಯಂಸೇವಕರನ್ನು ಹುಡುಕುತ್ತಿತ್ತು. ಆಕೆ ಒಪ್ಪಿದಳು. ಚಲನೆಯನ್ನು ಅಳೆಯುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಮೂರು ಸಂವೇದಕಗಳನ್ನು (ಸೆನ್ಸರ್), ಎರಡು ಕಣಕಾಲುಗಳಿಗೆ ಒಂದೊಂದು, ಸೊಂಟದ ಹಿಂಭಾಗಕ್ಕೆ ಒಂದು ಎಂದು ಎಲಾಸ್ಟಿಕ್ ಪಟ್ಟಿಯಿಂದ ಕಟ್ಟಿಕೊಟ್ಟರು. ಏಳು ದಿನ, ಸ್ನಾನದ ಹೊತ್ತು ಬಿಟ್ಟು, ಆಕೆ ಅವನ್ನು ಧರಿಸಿದ್ದಳು. ಮೊದಲ ದಿನ ಪಟ್ಟಿ ಕೆರೆತ ತಂದಿತು. ಮೂರನೆಯ ದಿನಕ್ಕೆ ಅದು ಇದೆಯೆಂಬುದೇ ಮರೆತುಹೋಯಿತೆಂದು ಹೇಳಿದಳು. ತಂಡದವರು ಕೊಟ್ಟ ನಕ್ಷೆಯಲ್ಲಿ ನನ್ನ ನೋಟ್‌ಬುಕ್ಕಿನ ಒಂದು ವರ್ಷದ ಬರಹದಲ್ಲಿ ಇಲ್ಲದ ಸಂಗತಿಯಿತ್ತು. ಪ್ರತಿದಿನವೂ ಹನ್ನೊಂದು ಗಂಟೆಯ ನಂತರ, ಅಂದರೆ ಬೆಳಗಿನ ಮಾತ್ರೆಯ ಪರಿಣಾಮ ಇಳಿದು ಮಧ್ಯಾಹ್ನದ ಮಾತ್ರೆ ಇನ್ನೂ ಬೀಳದಿರುವ ಹೊತ್ತಿನಲ್ಲಿ, ಆಕೆಯ ಹೆಜ್ಜೆಗಳ ಉದ್ದ ಕುಗ್ಗುತ್ತಾ ಹೋಗುತ್ತಿತ್ತು. ರಾತ್ರಿ ಎರಡರಿಂದ ನಾಲ್ಕರ ನಡುವಿನ ನಡಿಗೆ ಎಲ್ಲಕ್ಕಿಂತ ನಿಧಾನವಾಗಿತ್ತು, ಅದೂ ದಿನಕ್ಕೆ ಎರಡು ಮೂರು ಸಲ. ನಾನು ಆ ಹೊತ್ತಿಗೆ ಗಾಢನಿದ್ರೆಯಲ್ಲಿರುತ್ತಿದ್ದೆ. ಆ ಹಾಳೆಯನ್ನು ವೈದ್ಯರಿಗೆ ತೋರಿಸಿದಾಗ ಅವರು ಡೋಪಮೈನ್ ಕೊರತೆಯನ್ನು ತುಂಬುವ ಲೆವೊಡೋಪ ಮಾತ್ರೆಯ ಒಟ್ಟು ಪ್ರಮಾಣ ಹೆಚ್ಚಿಸದೆ, ನಾಲ್ಕು ಹೊತ್ತಿಗೆ ಇದ್ದದ್ದನ್ನು ಐದು ಹೊತ್ತಿಗೆ ಹಂಚಿದರು. ಬೇಳೆ, ಮೊಸರಿನಂಥ ಪ್ರೋಟೀನಿನ ಆಹಾರ ಆ ಮಾತ್ರೆಯ ಹೀರುವಿಕೆಗೆ ಅಡ್ಡಬರುವುದರಿಂದ ಊಟಕ್ಕೆ ಅರ್ಧ ಗಂಟೆ ಮೊದಲೇ ನುಂಗಲು ಹೇಳಿದರು. ರಾತ್ರಿ ಹಾಸಿಗೆಯಿಂದ ಬಚ್ಚಲಿನವರೆಗೆ ನಾನು ಮಂದ ದೀಪಗಳನ್ನು ಹಾಕಿಸಿದೆ. ಆ ನಂತರ ಆಕೆ ಒಮ್ಮೆಯೂ ಬಿದ್ದಿಲ್ಲ. ಅದು ಪೂರ್ತಿ ಆ ಹಾಳೆಯಿಂದಲೇ ಆಯಿತೆಂದು ನಾನು ಹೇಳಲಾರೆ, ಆದರೆ ಆ ಹಾಳೆಯಿಲ್ಲದೆ ಆಗುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಅಧ್ಯಯನ ಮುಗಿಯಿತು, ಸಂವೇದಕಗಳ ಪೆಟ್ಟಿಗೆ ವಾಪಸು ಹೋಯಿತು. ಕಾಯಿಲೆ ಈ ಎರಡು ವರ್ಷಗಳಲ್ಲಿ ಮುಂದುವರಿದಿದೆ, ನಾವು ಪುನಃ ಪಡಸಾಲೆಯ ಹತ್ತು ಹೆಜ್ಜೆಗಳಿಗೆ ಬಂದು ನಿಂತಿದ್ದೇವೆ. ಈ ಪತ್ರ ಬರೆಯಲು ಅದೇ ಕಾರಣ. ಹೃದಯದ ಬಡಿತ ತಪ್ಪುತ್ತಿದೆಯೆಂದರೆ ಆಸ್ಪತ್ರೆಯವರು ಬಡಿತವನ್ನು ದಿನವಿಡೀ ದಾಖಲಿಸುವ ಹೋಲ್ಟರ್ ಯಂತ್ರವನ್ನು ಎದೆಗೆ ಅಂಟಿಸಿ ಮನೆಗೆ ಕಳಿಸುತ್ತಾರೆ. ಮಾರನೆಯ ದಿನ ಅದನ್ನು ಬಿಚ್ಚಿ ಇನ್ನೊಬ್ಬರಿಗೆ ಕಟ್ಟುತ್ತಾರೆ. ಅದನ್ನು ಯಾವ ರೋಗಿಯೂ ಕೊಂಡುಕೊಳ್ಳಬೇಕಿಲ್ಲ. ನಡಿಗೆಗೂ ಇಂಥದೇ ವ್ಯವಸ್ಥೆ ನಮ್ಮ ನರರೋಗ ವಿಭಾಗಗಳಲ್ಲಿ ಏಕೆ ಇರಬಾರದು?

ಈ ಸಂವೇದಕದೊಳಗೆ ಇರುವ ವಿದ್ಯೆ ದುಬಾರಿಯದೂ ಅಲ್ಲ, ಅಪರೂಪದ್ದೂ ಅಲ್ಲ. ಸಿಲಿಕಾನ್‌ನಲ್ಲಿ ಕೊರೆದ ಅತಿ ಸೂಕ್ಷ್ಮ ಸ್ಪ್ರಿಂಗುಗಳಿಗೆ ಆತುಕೊಂಡ ಒಂದು ಪುಟ್ಟ ತುಂಡು, ದೇಹ ಚಲಿಸಿದಂತೆಲ್ಲ ಕೊಂಚ ಸರಿಯುತ್ತದೆ. ಪಕ್ಕದ ತಟ್ಟೆಗಳಿಗೂ ಅದಕ್ಕೂ ಇರುವ ಅಂತರ ಬದಲಾಗಿ ವಿದ್ಯುತ್ ಧಾರಕತೆ ಬದಲಾಗುತ್ತದೆ. ಅದರಿಂದ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಎಷ್ಟೆಂದು ತಿಳಿಯುತ್ತದೆ. ಇದು ಆಕ್ಸಲರೋಮೀಟರ್. ಕಾಲು ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ಅದರ ಪಕ್ಕದ ಗೈರೊಸ್ಕೋಪ್ ಅಳೆಯುತ್ತದೆ. ಎರಡೂ ನಮ್ಮ ನಿಮ್ಮ ಮೊಬೈಲುಗಳಲ್ಲಿ ಇರುವಂಥವೇ. ಸೆಕೆಂಡಿಗೆ 100 ಸಲ ಅಳೆದರೆ ಒಂದು ವಾರದಲ್ಲಿ ಒಂದೊಂದು ಅಕ್ಷದಲ್ಲಿಯೂ ಆರು ಕೋಟಿ ಅಳತೆಗಳು ಸೇರುತ್ತವೆ. ಅದರಿಂದ ಹಿಮ್ಮಡಿ ನೆಲ ಮುಟ್ಟಿದ ಕ್ಷಣ, ಹೆಬ್ಬೆರಳು ನೆಲ ಬಿಟ್ಟ ಕ್ಷಣ, ಹೆಜ್ಜೆಯ ಉದ್ದ, ತಿರುಗಲು ತೆಗೆದುಕೊಂಡ ಸಮಯ ಇವನ್ನೆಲ್ಲ ಲೆಕ್ಕ ಹಾಕಬಹುದು. ಕಾಲು ಕಚ್ಚಿಕೊಂಡಾಗಲೂ ಅದು ಸುಮ್ಮನಿರುವುದಿಲ್ಲ. ಮಂಡಿಗಳು ಸಣ್ಣದಾಗಿ ನಡುಗುತ್ತಿರುತ್ತವೆ. ಸಾಮಾನ್ಯ ನಡಿಗೆಯ ಚಲನೆ ಬಹುಪಾಲು ಸೆಕೆಂಡಿಗೆ 3 ಆವರ್ತಗಳ ಒಳಗಿದ್ದರೆ, ಈ ನಡುಕ 3ರಿಂದ 8 ಆವರ್ತಗಳ ನಡುವೆ ಕಾಣಿಸಿಕೊಳ್ಳುತ್ತದೆ. ಎರಡರ ಅನುಪಾತವನ್ನು ನೋಡಿ ಕಾಲು ಯಾವಾಗ, ಎಷ್ಟು ಹೊತ್ತು ಕಚ್ಚಿಕೊಂಡಿತೆಂದು ಹೇಳುವ ವಿಧಾನ ಹದಿನೈದು ವರ್ಷಗಳಿಗೂ ಹಳೆಯದು.

ಬೇರೆ ನರರೋಗಗಳಲ್ಲಿ ನಡಿಗೆ ಕೆಡುವ ಬಗೆಯೂ ಬೇರೆ ಬೇರೆ. ಪಾರ್ಶ್ವವಾಯು ಹೊಡೆದವರಲ್ಲಿ ಒಂದು ಕಾಲಿಗೂ ಇನ್ನೊಂದಕ್ಕೂ ಸಮಯದ ಹೊಂದಾಣಿಕೆ ತಪ್ಪಿರುತ್ತದೆ, ಬಿಗಿದ ಕಾಲು ಹೊರಗಿನಿಂದ ಅರ್ಧಚಂದ್ರಾಕಾರವಾಗಿ ಬಳಸಿ ಮುಂದೆ ಬರುತ್ತದೆ. ಕಿರುಮೆದುಳಿನ ಕಾಯಿಲೆಯಲ್ಲಿ ಕಾಲುಗಳ ನಡುವಿನ ಅಂತರ ಅಗಲವಾಗಿ, ಒಂದು ಹೆಜ್ಜೆಯಂತೆ ಇನ್ನೊಂದು ಇರುವುದಿಲ್ಲ. ಮಲ್ಟಿಪಲ್ ಸ್ಕ್ಲಿರೋಸಿಸ್ (ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇರುವ ಹಲವರು ಬೆಳಿಗ್ಗೆ ಸರಿಯಾಗಿ ನಡೆದು, ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೋತುಹೋಗುತ್ತಾರೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರುವ ಪರೀಕ್ಷೆಗೆ ಸ್ಟಾಪ್‌ವಾಚ್ ಹಿಡಿದರೆ ಸಿಗುವುದು ಒಂದೇ ಒಂದು ಸಂಖ್ಯೆ. ಈ ಭೇದಗಳೆಲ್ಲ ಆ ಸಂಖ್ಯೆಯಲ್ಲಿ ಮುಚ್ಚಿಹೋಗುತ್ತವೆ.

ಇದು ಪ್ರಯೋಗಾಲಯದ ಹಂತವನ್ನು ದಾಟಿದೆ ಎನ್ನಲು ಒಂದು ದೃಷ್ಟಾಂತ ಸಾಕು. ಡ್ಯೂಶೆನ್ ಎಂಬ ಸ್ನಾಯುಕ್ಷಯದ ಕಾಯಿಲೆ ಇರುವ ಮಕ್ಕಳಲ್ಲಿ, ಕಣಕಾಲಿಗೆ ಕಟ್ಟಿದ ಸಂವೇದಕದಿಂದ ಅವರ ದಿನನಿತ್ಯದ ಹೆಜ್ಜೆಗಳಲ್ಲಿ ಅತಿ ವೇಗದ ಶೇ 5ರಷ್ಟನ್ನು ಗುರುತಿಸುವ ಅಳತೆಯೊಂದನ್ನು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯು 2019ರಲ್ಲಿ ಔಷಧ ಪ್ರಯೋಗಗಳ ಪೂರಕ ಮಾನದಂಡವಾಗಿ ಒಪ್ಪಿತು; 2023ರಲ್ಲಿ ಅದನ್ನೇ ಪ್ರಧಾನ ಮಾನದಂಡವನ್ನಾಗಿಯೂ ಬಳಸಬಹುದೆಂದಿತು. ಒಂದು ಔಷಧ ಕೆಲಸ ಮಾಡುತ್ತದೆಯೇ ಇಲ್ಲವೇ ಎಂದು ತೀರ್ಮಾನಿಸಲು ಮಗುವಿನ ಮನೆಯ ನಡಿಗೆ ಸಾಕ್ಷಿಯಾಗಬಲ್ಲದಾದರೆ, ಒಬ್ಬ ರೋಗಿಯ ಮಾತ್ರೆಯ ಹೊತ್ತು ನಿರ್ಧರಿಸಲು ಅದು ಸಾಕ್ಷಿಯಾಗಲಾರದೇ? ಯುರೋಪಿನಲ್ಲಿಯೇ 2019ರಲ್ಲಿ ಆರಂಭವಾದ 'ಮೊಬಿಲೈಸ್-ಡಿ' ಎಂಬ ಜಂಟಿ ಯೋಜನೆಯು ಸೊಂಟದ ಹಿಂದೆ ಧರಿಸುವ ಒಂದೇ ಸಂವೇದಕದಿಂದ ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲಿರೋಸಿಸ್ ಮುಂತಾದ ಕಾಯಿಲೆಗಳಿರುವವರ ಏಳು ದಿನಗಳ ನಡಿಗೆಯನ್ನು ಅಳೆದು, ಅಳತೆಯ ವಿಧಾನಗಳನ್ನು ಒರೆಗೆ ಹಚ್ಚಿದೆ.

ಆದರೆ ಅಲ್ಲಿ ಒರೆಗೆ ಹಚ್ಚಿದ್ದನ್ನು ಇಲ್ಲಿ ಹಾಗೆಯೇ ತಂದು ಕಟ್ಟಿದರೆ ಸರಿಹೋಗುತ್ತದೆಂಬ ಭರವಸೆ ನನಗಿಲ್ಲ. ಮಗ ಒಂದು ವರ್ಷದ ಸಂಕ್ರಾಂತಿಗೆ ಮೊದಲು ಅಮ್ಮನಿಗೆಂದು ಹೆಜ್ಜೆ ಎಣಿಸುವ ಕೈಗಡಿಯಾರ ತಂದುಕೊಟ್ಟ. ಅವರೆಕಾಯಿಯ ಕಾಲ, ಆಕೆ ಕುರ್ಚಿಯಲ್ಲಿ ಕುಳಿತು ಕಾಯಿ ಸುಲಿಯುತ್ತಿದ್ದ ಒಂದು ಗಂಟೆಯಲ್ಲಿ ಗಡಿಯಾರ ಮುನ್ನೂರಕ್ಕೂ ಹೆಚ್ಚು ಹೆಜ್ಜೆ ಎಣಿಸಿತ್ತು. ಅದೇ ಸಂಜೆ ನನ್ನ ಕೈಹಿಡಿದು ಬೀದಿಯ ಕೊನೆಯವರೆಗೆ ನಡೆದು ಬಂದದ್ದರಲ್ಲಿ ಬಹುಪಾಲು ಹೆಜ್ಜೆಗಳು ಲೆಕ್ಕಕ್ಕೇ ಸಿಗಲಿಲ್ಲ. ಕೈ ಬೀಸದೆ ನಡೆದರೆ ಮಣಿಕಟ್ಟಿನ ಗಡಿಯಾರಕ್ಕೆ ನಡಿಗೆ ಕಾಣುವುದಿಲ್ಲ, ಕೈಯಾಡಿಸುವ ಕೆಲಸವೂ ಕೈನಡುಕವೂ ನಡಿಗೆಯಂತೆ ಕಾಣುತ್ತವೆ. ಆರೋಗ್ಯವಂತರಿಗಾಗಿ ಮಾಡಿದ ಗಡಿಯಾರದಿಂದ ನರರೋಗಿಯ ಸ್ಥಿತಿಯನ್ನು ಅಳೆಯಲು ಹೊರಡಬಾರದೆಂದು ಇದೇ ಪತ್ರಿಕೆಯ ಓದುಗರಲ್ಲಿ ನನ್ನ ವಿನಂತಿ. ಮಕ್ಕಳು ಪ್ರೀತಿಯಿಂದ ತಂದುಕೊಟ್ಟ ಇಂಥ ಗಡಿಯಾರಗಳ ಸಂಖ್ಯೆ ನೋಡಿ ಕಳವಳಪಡುವ ಹಿರಿಯರನ್ನು ಲಾಲ್‌ಬಾಗ್‌ನ ಬೆಳಗಿನ ನಡಿಗೆಯಲ್ಲಿ ನಾನು ಹಲವು ಸಲ ಕಂಡಿದ್ದೇನೆ.

ಇನ್ನು ಕಾಲಿಗೆ ಕಟ್ಟುವ ಸಂವೇದಕಗಳ ವಿಷಯ. ವೇಗೋತ್ಕರ್ಷದಿಂದ ವೇಗವನ್ನೂ ವೇಗದಿಂದ ದೂರವನ್ನೂ ಕೂಡಿಸುತ್ತಾ ಹೋಗುವ ಈ ಲೆಕ್ಕದಲ್ಲಿ ಅತಿ ಸಣ್ಣ ತಪ್ಪೂ ಕೆಲವೇ ಸೆಕೆಂಡುಗಳಲ್ಲಿ ಬೆಳೆದು ದೊಡ್ಡದಾಗುತ್ತದೆ. ಆದ್ದರಿಂದ ಪಾದ ನೆಲದ ಮೇಲೆ ಪೂರ್ತಿ ಊರಿ ನಿಂತ ಪ್ರತಿ ಕ್ಷಣದಲ್ಲಿಯೂ ವೇಗ ಸೊನ್ನೆಯೆಂದು ಲೆಕ್ಕವನ್ನು ಹೊಸದಾಗಿ ಆರಂಭಿಸುತ್ತಾರೆ. ಉಪಾಯ ಒಳ್ಳೆಯದೇ. ಆದರೆ ಕಾಲೆಳೆದುಕೊಂಡು ಜಾರಿಸುತ್ತಾ ನಡೆಯುವವರಲ್ಲಿ ಪಾದ ಊರಿದ್ದಕ್ಕೂ ಚಲಿಸಿದ್ದಕ್ಕೂ ವ್ಯತ್ಯಾಸ ಮಸುಕಾಗುತ್ತದೆ. ಬರಿಗಾಲು ನೆಲ ಮುಟ್ಟುವ ಏಟು ಬೂಟು ಹಾಕಿದ ಹಿಮ್ಮಡಿಯ ಏಟಿನಂತೆ ಇರುವುದಿಲ್ಲ. ಬೂಟಿನೊಳಗಿನ ಅಟ್ಟೆಯಲ್ಲಿ ಸಂವೇದಕ ಇಡುವ ವಿಧಾನವಂತೂ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಬರುವ ನಮ್ಮ ಮನೆಗಳಲ್ಲಿ ದಿನದ ಬಹುಭಾಗ ನಿರುಪಯೋಗಿ. ಸೀರೆಯ ನೆರಿಗೆ ಹೆಜ್ಜೆಯ ಉದ್ದವನ್ನು ತಾನೇ ಕುಗ್ಗಿಸುತ್ತದೆ, ಪಂಚೆಯೂ ಅಷ್ಟೆ. ಮೂವತ್ತು ಅಡಿ ಉದ್ದದ ನಿವೇಶನದಲ್ಲಿ ಕಟ್ಟಿದ ಮನೆಯಲ್ಲಿ ಹತ್ತು ಹೆಜ್ಜೆ ನೇರವಾಗಿ ನಡೆಯುವಷ್ಟು ಜಾಗವೇ ಇರುವುದಿಲ್ಲ, ಪ್ರತಿ ನಾಲ್ಕು ಹೆಜ್ಜೆಗೊಂದು ತಿರುವು. ವಾಕರ್ ಬದಲು ಸೊಸೆಯ ಹೆಗಲನ್ನೋ ಗಂಡನ ತೋಳನ್ನೋ ಹಿಡಿದು ನಡೆಯುವುದು ನಮ್ಮಲ್ಲಿ ಸಾಮಾನ್ಯ. ಮನೆಯ ಹೊರಗೆ ಕಾಲಿಟ್ಟರೆ, ಚರಂಡಿಯ ಮೇಲಿನ ಎದ್ದುನಿಂತ ಕಲ್ಲುಚಪ್ಪಡಿ ಮತ್ತು ಅಗೆದಿಟ್ಟ ರಸ್ತೆಯಿಂದಾಗಿ ಕುಗ್ಗಿದ ನಡಿಗೆಯನ್ನು ಕಾಯಿಲೆಯ ಲೆಕ್ಕಕ್ಕೆ ಬರೆದುಬಿಡುವ ಅಪಾಯವಿದೆ. ಮಳೆಯ ವಾರದಲ್ಲಿ ಹೊರಗೆ ಹೋಗಲಿಲ್ಲವೆಂಬುದು ಸಂವೇದಕಕ್ಕೆ ತಿಳಿಯದು. ಮನೆಯವರು ಬರೆದಿಟ್ಟ ದಿನಚರಿ ಅದರ ಜೊತೆಯಲ್ಲಿ ಇರಲೇಬೇಕು.

ಈ ಕೆಲಸಕ್ಕೆ ಬೆಂಗಳೂರಿಗಿಂತ ತಕ್ಕ ಊರು ನನಗೆ ತೋಚುವುದಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ನಮ್ಮ ರಾಜ್ಯದವರಷ್ಟೇ ಅಲ್ಲ, ನೆರೆರಾಜ್ಯಗಳ ನರರೋಗಿಗಳೂ ಬರುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ ಹಿರಿಯರನ್ನು ವರ್ಷಗಟ್ಟಲೆ ಹಿಂಬಾಲಿಸಿ ವಯಸ್ಸಾಗುವ ಮಿದುಳನ್ನು ಅಧ್ಯಯನ ಮಾಡುತ್ತಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿಯೇ ನರರೋಗಗಳಿಗೆ ಚಿಕಿತ್ಸೆ ಸಿಗಲೆಂದು ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮವೂ ಇದೆ. ವೈದ್ಯರು, ಎಂಜಿನಿಯರುಗಳು, ರೋಗಿಗಳು ಮೂವರೂ ಒಂದೇ ನಗರದಲ್ಲಿ ಇದ್ದಾರೆ. ಬರಿಗಾಲಿನ, ಸೀರೆ ಪಂಚೆಯ, ಕೈಹಿಡಿದು ನಡೆಯುವ ನಮ್ಮ ಹಿರಿಯರ ನಡಿಗೆಯನ್ನು, ಕಾಯಿಲೆ ಇರುವವರದನ್ನೂ ಇಲ್ಲದವರದನ್ನೂ, ವಿಡಿಯೊ ಜೊತೆಗಿಟ್ಟು ಅಳೆದು, ಯಾವ ವಿಧಾನ ಎಲ್ಲಿ ತಪ್ಪುತ್ತದೆಂದು ಮೊದಲು ನೋಡಬೇಕು. ತಪ್ಪಿನ ಪ್ರಮಾಣ ತಿಳಿದ ಮೇಲೆ ಸರ್ಕಾರಿ ಆಸ್ಪತ್ರೆಗಳ ನರರೋಗ ವಿಭಾಗಗಳಲ್ಲಿ ಹತ್ತಿಪ್ಪತ್ತು ಸಂವೇದಕ ಪೆಟ್ಟಿಗೆಗಳನ್ನು ಎರವಲು ಕೊಡುವುದಕ್ಕೆಂದೇ ಇಡಬೇಕು. ಅವನ್ನು ಕಟ್ಟಿಕೊಡುವ, ವಾಪಸು ಪಡೆಯುವ, ನಕ್ಷೆಯನ್ನು ಓದಿ ಹೇಳುವ ಕೆಲಸಕ್ಕೆ ಫಿಸಿಯೊಥೆರಪಿಸ್ಟರೇ ಸರಿಯಾದವರು. ವೈದ್ಯರ ಮೇಜಿಗೆ ಹೋಗಬೇಕಾದದ್ದು ಆರು ಕೋಟಿ ಅಂಕಿಗಳಲ್ಲ, ಒಂದೇ ಪುಟ. ಮಾತ್ರೆಯ ಹೊತ್ತುಗಳ ಪಕ್ಕದಲ್ಲಿ ದಿನದ ಯಾವ ಗಂಟೆಯಲ್ಲಿ ನಡಿಗೆ ಹೇಗಿತ್ತೆಂಬ ಒಂದು ಚಿತ್ರ. ಅದೇ ಪುಟ ಕನ್ನಡದಲ್ಲಿ ಮನೆಯವರಿಗೂ ಸಿಗಬೇಕು, ಏಕೆಂದರೆ ಮಾತ್ರೆ ಕೊಡುವವರೂ ರಾತ್ರಿ ಎದ್ದು ಹಿಡಿದುಕೊಳ್ಳುವವರೂ ಅವರೇ.

ಒಂದು ಆತಂಕವನ್ನು ಹೇಳದಿರಲಾರೆ. ಒಬ್ಬರು ಎಷ್ಟು ಹೊತ್ತಿಗೆ ಏಳುತ್ತಾರೆ, ಎಷ್ಟು ಸಲ ಬಚ್ಚಲಿಗೆ ಹೋಗುತ್ತಾರೆ, ಯಾವಾಗ ಮನೆಯಲ್ಲಿರುವುದಿಲ್ಲ ಎಂಬುದೆಲ್ಲ ಈ ಅಳತೆಗಳಿಂದ ತಿಳಿಯುತ್ತದೆ. ಇದು ವಿಮಾ ಕಂಪನಿಯ ಕೈಗೆ ಹೋಗಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲಿರೋಸಿಸ್ ಎರಡನ್ನೂ ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಒಂದು ಒಳ್ಳೆಯ ವಾರದ ನಕ್ಷೆಯನ್ನು ತೋರಿಸಿ ಯಾರಿಗೂ ಆ ಪ್ರಮಾಣಪತ್ರವನ್ನು ನಿರಾಕರಿಸುವಂತಾಗಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶವನ್ನು ಜನರಿಗೆ ಕೊಡಬೇಕು. ನಾವು ಸೇರಿದ ಅಧ್ಯಯನದ ಒಪ್ಪಿಗೆಪತ್ರ ಹನ್ನೊಂದು ಪುಟ, ಪೂರ್ತಿ ಇಂಗ್ಲಿಷಿನಲ್ಲಿತ್ತು. ನಾನು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದ ಮೇಲೆ ಆಕೆ ಸಹಿ ಹಾಕಿದಳು. ಹಾಗೆ ಹೇಳುವವರಿಲ್ಲದ ಮನೆಗಳೇ ಹೆಚ್ಚು.

ಮುಂದಿನ ತಿಂಗಳು ನಮ್ಮ ಸರದಿ ಇದೆ. ಆಕೆಯ ಕಾಲು ಈಗ ಹೊಸ್ತಿಲಲ್ಲಿ ಮಾತ್ರವಲ್ಲ, ಅಡುಗೆಮನೆಯಲ್ಲಿ ತಿರುಗುವಾಗಲೂ ನಿಲ್ಲತೊಡಗಿದೆ. ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡಿದ್ದೇನೆ, ವೈದ್ಯರಿಗೆ ಓದಿ ಹೇಳುತ್ತೇನೆ. ಆಕೆಯ ಕಾಯಿಲೆಯ ಇಷ್ಟೆಲ್ಲ ವಿವರಗಳನ್ನು ಆಕೆಯ ಒಪ್ಪಿಗೆ ಪಡೆದೇ ಇಲ್ಲಿ ಬರೆದಿದ್ದೇನೆ. ಯಾವುದಾದರೂ ಆಸ್ಪತ್ರೆ ಇಂಥ ಎರವಲು ಪೆಟ್ಟಿಗೆಯನ್ನು ಆರಂಭಿಸುವುದಾದರೆ ಮೊದಲು ಕಟ್ಟಿಸಿಕೊಳ್ಳಲು ತಾನು ಸಿದ್ಧ, ಈ ಸಲವೂ ಬರಿಗಾಲಿನಲ್ಲಿಯೇ ನಡೆಯುತ್ತೇನೆಂದು ತಿಳಿಸಿಬಿಡಿ ಎಂದು ಆಕೆ ಹೇಳಿದ್ದಾಳೆ.

ತಮ್ಮ ವಿಶ್ವಾಸಿ,
ನಿವೃತ್ತ ಉಪಕರಣ ಎಂಜಿನಿಯರ್
ಹನುಮಂತನಗರ, ಬೆಂಗಳೂರು